ತಂತಿಯ ಕಾಯಿದೆಯೂ ಡಿಜಿಟಲ್ ಯುಗದ ಖಾಸಗಿತನವೂ

ಗಣಕಯಂತ್ರ, ಸಂಚಾರಿ ದೂರವಾಣಿ, ಅಂತರಜಾಲ ಇವುಗಳಿಂದ ಹುಟ್ಟಿದ ಕಾನೂನಿನ ಹಾಗೂ ನೀತಿಯ ಸಮಸ್ಯೆಗಳೆಲ್ಲವೂ ತೀರ ಹೊಸವೆಂಬ ಭಾವನೆ ಇಂದು ಸಾಮಾನ್ಯವಾಗಿದೆ. ಇತಿಹಾಸದ ವಿದ್ಯಾರ್ಥಿಗೆ ಈ ಭಾವನೆ ಪೂರ್ಣವಾಗಿ ಒಪ್ಪತಕ್ಕದ್ದೆಂದು ತೋರುವುದಿಲ್ಲ. ಒಬ್ಬರು ಮತ್ತೊಬ್ಬರಿಗೆ ಕಳುಹಿಸಿದ ಮಾತನ್ನು ನಡುದಾರಿಯಲ್ಲಿ ತಡೆದು ಓದುವ ಅಧಿಕಾರ ಸರ್ಕಾರಕ್ಕೆ ಎಷ್ಟರಮಟ್ಟಿಗೆ ಉಂಟು, ಆ ಅಧಿಕಾರದ ಮೇಲೆ ಕಣ್ಣಿಡತಕ್ಕವರು ಯಾರು ಎಂಬ ಪ್ರಶ್ನೆ ನಮ್ಮ ದೇಶಕ್ಕೆ ತಂತಿಯ ಕಂಬಗಳೊಡನೆಯೇ ಬಂದಿತು. ಅದಕ್ಕೆ 1885ರಲ್ಲಿ ದೊರೆತ ಉತ್ತರ ಡಿಜಿಟಲ್ ಯುಗದ ಕಾನೂನನ್ನು ಹೇಗೆ ರೂಪಿಸಿತು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1

ಭಾರತದಲ್ಲಿ ತಂತಿಯ ಮೊದಲ ಪ್ರಯೋಗಗಳನ್ನು 1839ರಲ್ಲಿ ಕಲ್ಕತ್ತೆಯ ಬಳಿ ನಡೆಸಿದವನು ವಿಲಿಯಂ ಓಷಾನೆಸಿ ಎಂಬ ವೈದ್ಯ. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್‌ವರೆಗಿನ ಮಾರ್ಗ ಕೆಲಸಕ್ಕೆ ಬಂದಿತು. ಡಾಲ್‌ಹೌಸಿಯ ಉತ್ಸಾಹದಿಂದ 1854ರ ವೇಳೆಗೆ ಆಗ್ರಾದವರೆಗೆ ತಂತಿ ಹಬ್ಬಿತು. 1855ರಲ್ಲಿ ಸಾರ್ವಜನಿಕರಿಗೂ ಅದರ ಉಪಯೋಗ ದೊರೆಯಿತು.

ಈ ಹೊಸ ಸಾಧನದ ರಾಜಕೀಯ ಬೆಲೆ 1857ರಲ್ಲಿ ವಿದಿತವಾಯಿತು. ಆ ವರ್ಷದ ಮೇ 11ರಂದು ದೆಹಲಿಯ ತಂತಿ ಕಚೇರಿಯಿಂದ ಅಂಬಾಲಾಕ್ಕೆ ದಂಗೆಯ ಸುದ್ದಿ ಹೋಯಿತು. ಅಲ್ಲಿಂದ ಅದು ಪಂಜಾಬಿಗೆ ಮುಟ್ಟಿತು. ಮೇ 13ರಂದು ಲಾಹೋರಿನ ದಂಡಿನ ಸಿಪಾಯಿಗಳನ್ನು ನಿರಾಯುಧರನ್ನಾಗಿ ಮಾಡಲಾಯಿತು. ದಂಗೆಯೆದ್ದವರು ಹಲವೆಡೆ ತಂತಿಗಳನ್ನು ಕತ್ತರಿಸಿದ್ದನ್ನು ನೋಡಿದರೆ, ಅದರ ಬಲವನ್ನು ಅವರೂ ಅರಿತಿದ್ದರೆನ್ನಬೇಕು. ತಂತಿಯು ವ್ಯಾಪಾರದ ಅನುಕೂಲ ಮಾತ್ರವಲ್ಲ, ರಾಜ್ಯರಕ್ಷಣೆಯ ಉಪಕರಣವೂ ಹೌದೆಂಬುದು ಆಡಳಿತಗಾರರ ಮನಸ್ಸಿನಲ್ಲಿ ಆಗ ನೆಲೆಯೂರಿತು.

2

1885ರ ಭಾರತೀಯ ತಂತಿ ಕಾಯಿದೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತಂತಿಯನ್ನು ಸ್ಥಾಪಿಸಿ ನಡೆಸುವ ಹಕ್ಕು ಸರ್ಕಾರಕ್ಕೇ ಮೀಸಲೆಂದು ಅದರ 4ನೆಯ ಕಲಮು ವಿಧಿಸಿತು. ಸುದ್ದಿಯನ್ನು ಅಕ್ರಮವಾಗಿ ತಡೆದ ಅಥವಾ ಹೊರಗೆಡಹಿದ ತಂತಿ ನೌಕರನಿಗೆ 26ನೆಯ ಕಲಮಿನ ಪ್ರಕಾರ ಸೆರೆವಾಸವೂ ಉಂಟು. ಹೀಗೆ ಗುಮಾಸ್ತನ ಕುತೂಹಲದಿಂದ ಸುದ್ದಿಗೆ ರಕ್ಷಣೆ ದೊರೆಯಿತು. ಆದರೆ 5ನೆಯ ಕಲಮಿನಲ್ಲಿ, ಸಾರ್ವಜನಿಕ ತುರ್ತು ಪರಿಸ್ಥಿತಿಯಲ್ಲಿ ಅಥವಾ ಸಾರ್ವಜನಿಕ ಸುರಕ್ಷೆಯ ಸಲುವಾಗಿ ಯಾವುದೇ ಸುದ್ದಿಯನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರವು ತನಗೇ ಇರಿಸಿಕೊಂಡಿತು. ಅಂತಹ ಪರಿಸ್ಥಿತಿ ನಿಜವಾಗಿಯೂ ಇದ್ದಿತೇ ಎಂಬ ಸಂದೇಹ ಬಂದರೆ, ಸರ್ಕಾರದ ಕಾರ್ಯದರ್ಶಿಯೊಬ್ಬನು ಸಹಿ ಮಾಡಿದ ಪ್ರಮಾಣಪತ್ರವೇ ಅಂತಿಮ ಸಾಕ್ಷ್ಯ! ಅಂದರೆ ಅಧಿಕಾರವನ್ನು ಬಳಸುವವನೂ ಆ ಬಳಕೆ ಸರಿಯೆಂದು ನಿರ್ಣಯಿಸುವವನೂ ಒಂದೇ ಪಕ್ಷದವರು.

ಇಷ್ಟು ವಿಶಾಲವಾದ ಅಧಿಕಾರವನ್ನು ಜನರು ಸಹಿಸಿಕೊಂಡುದಕ್ಕೆ ಪರಾಧೀನತೆಯೊಂದೇ ಕಾರಣವಲ್ಲವೆಂದು ನನ್ನ ಅಭಿಪ್ರಾಯ. ತಂತಿಯನ್ನು ಬಳಸುತ್ತಿದ್ದವರು ಕೆಲವರು. ಅವರು ಬರೆಯುತ್ತಿದ್ದುದು ಕೆಲವೇ ಪದಗಳು. ಹಣ ಉಳಿಸುವುದಕ್ಕೂ ಗುಟ್ಟು ಕಾಯುವುದಕ್ಕೂ ವರ್ತಕರು ಸಂಕೇತಪದಗಳನ್ನು ಬಳಸುತ್ತಿದ್ದರು. ಮೇಲಾಗಿ, ಒಂದು ಸುದ್ದಿಯನ್ನು ತಡೆದು ಓದಬೇಕಾದರೆ ಒಬ್ಬ ಮನುಷ್ಯನು ಕುಳಿತು ಓದಲೇಬೇಕಾಗಿತ್ತು. ಕಾನೂನು ಹಾಕದ ಮಿತಿಯನ್ನು ಶ್ರಮವೇ ಹಾಕಿತ್ತು.

3

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಈ ಸ್ಥಿತಿಯನ್ನು ಬದಲಾಯಿಸುವ ಅವಕಾಶವೊಂದು ಒದಗಿತ್ತು. 1947ರಲ್ಲಿ ಸಂವಿಧಾನ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿಯ ಮುಂದೆ ಶ್ರೀ ಕೆ. ಎಂ. ಮುನ್ಶಿಯವರು ಇಟ್ಟ ಕರಡಿನಲ್ಲಿ ಪತ್ರವ್ಯವಹಾರದ ಗೋಪ್ಯತೆಯೂ ಒಂದು ಹಕ್ಕಾಗಿತ್ತು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರು ಇದನ್ನು ಆಕ್ಷೇಪಿಸಿದರು. ಸಂವಿಧಾನ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಅವರು ಇದರಿಂದ ಅಪರಾಧ ತನಿಖೆಗೆ ಅಡ್ಡಿಯಾಗಬಹುದೆಂದು ಎಚ್ಚರಿಸಿದರು. ಕೊನೆಗೆ ಆ ಅಂಶ ಸಂವಿಧಾನದಲ್ಲಿ ಸೇರಲಿಲ್ಲ. ದೇಶವಿಭಜನೆಯ ಆ ದಿನಗಳಲ್ಲಿ ಭದ್ರತೆಯ ಚಿಂತೆ ಮೇಲುಗೈ ಪಡೆದುದು ಅಸಹಜವಲ್ಲ. ಆದರೆ ಅದರ ಫಲವಾಗಿ ಪರಕೀಯರ ಕಾಯಿದೆ ಸ್ವತಂತ್ರ ಗಣರಾಜ್ಯದಲ್ಲಿಯೂ ಹಾಗೆಯೇ ಮುಂದುವರಿಯಿತು.

ನ್ಯಾಯಾಲಯದಿಂದಲೂ ಮೊದಮೊದಲು ನೆರವು ದೊರೆಯಲಿಲ್ಲ. ಖಾಸಗಿತನವು ಸಂವಿಧಾನದತ್ತವಾದ ಹಕ್ಕಲ್ಲವೆಂದು 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯ ಬಹುಮತದ ತೀರ್ಪು ಸಾರಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತ ಬರೆದರು. 1972ರ ತಿದ್ದುಪಡಿಯಲ್ಲಿ 5ನೆಯ ಕಲಮಿಗೆ ದೇಶದ ಸಾರ್ವಭೌಮತ್ವ, ರಾಜ್ಯದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಆಧಾರಗಳು ಸೇರಿದವು. ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂದೂ ಆಯಿತು. ಆದರೂ ಅದನ್ನು ಪರಿಶೀಲಿಸುವವರು ಹೊರಗಿನವರಾರೂ ಇರಲಿಲ್ಲ.

ಈ ನಡುವೆ ಮನೆಮನೆಗೆ ದೂರವಾಣಿ ಬಂದಿತು. ಕದ್ದಾಲಿಕೆಯ ವಿವಾದ ಕರ್ನಾಟಕದವರಿಗೂ ಅಪರಿಚಿತವಲ್ಲ: ದೂರವಾಣಿ ಕದ್ದಾಲಿಕೆಯ ಆಪಾದನೆಯ ಹಿನ್ನೆಲೆಯಲ್ಲಿಯೇ ಶ್ರೀ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿಯನ್ನು ಬಿಟ್ಟರು. 1996ರ ಡಿಸೆಂಬರ್ 18ರಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ದೂರವಾಣಿಯ ಮಾತುಕತೆ ಖಾಸಗಿತನದ ಅಂಗವೆಂದೂ ಅದನ್ನು ಮನಬಂದಂತೆ ಕೇಳಿಸಿಕೊಳ್ಳುವುದು 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದೂ ತೀರ್ಮಾನಿಸಿತು. ಅಕ್ರಮ ಕದ್ದಾಲಿಕೆಯನ್ನು ತಡೆಯುವ ನಿಯಮಗಳನ್ನು ರಚಿಸಲು ಮೂಲ ಕಾಯಿದೆಯಲ್ಲಿಯೇ ಅವಕಾಶವಿದ್ದರೂ 111 ವರ್ಷಗಳಲ್ಲಿ ಅವು ರಚಿತವಾಗಿರಲಿಲ್ಲ. ಆದಕಾರಣ ನ್ಯಾಯಾಲಯವೇ ಕ್ರಮಗಳನ್ನು ಗೊತ್ತುಪಡಿಸಿತು: ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು, ಅದರ ಅವಧಿ 2 ತಿಂಗಳು, ಒಟ್ಟು 6 ತಿಂಗಳಿಗೆ ಮೀರಬಾರದು, ಪರಿಶೀಲನಾ ಸಮಿತಿ ಇರಬೇಕು. ಆದರೆ ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ವಾದವನ್ನು, ಕಾಯಿದೆಯಲ್ಲಿ ಅದಕ್ಕೆ ಎಡೆಯಿಲ್ಲವೆಂಬ ಕಾರಣದಿಂದ, ಅದು ಒಪ್ಪಲಿಲ್ಲ. ಸಮಿತಿಯ ಸದಸ್ಯರೆಲ್ಲರೂ ಸರ್ಕಾರದ ಕಾರ್ಯದರ್ಶಿಗಳೇ ಆದರು.

4

ಮಾಹಿತಿ ತಂತ್ರಜ್ಞಾನ ಕಾಯಿದೆ 2000ದಲ್ಲಿ ಬಂದಿತು, 2008ರಲ್ಲಿ ತಿದ್ದುಪಡಿಯಾಯಿತು. ಗಣಕಯಂತ್ರದ ಮೂಲಕ ಸಾಗುವ ಅಥವಾ ಅದರಲ್ಲಿ ಶೇಖರವಾದ ಮಾಹಿತಿಯನ್ನು ತಡೆದು ನೋಡುವ, ಗೂಢಲಿಪಿಯನ್ನು ಬಿಡಿಸುವಂತೆ ಆಜ್ಞಾಪಿಸುವ ಅಧಿಕಾರವನ್ನು ಅದರ 69ನೆಯ ಕಲಮು ಕೊಡುತ್ತದೆ. ಸಹಕರಿಸದವನಿಗೆ 7 ವರ್ಷಗಳವರೆಗೆ ಸೆರೆವಾಸವಾಗಬಹುದು. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. 1885ರ ಕಾಯಿದೆ ಕೇಳಿದ್ದ ‘ಸಾರ್ವಜನಿಕ ತುರ್ತು’ ಅಥವಾ ‘ಸಾರ್ವಜನಿಕ ಸುರಕ್ಷೆ’ ಎಂಬ ಪೂರ್ವಷರತ್ತು ಈ ಕಲಮಿನಲ್ಲಿ ಇಲ್ಲ. ಯಾವುದೇ ಅಪರಾಧದ ತನಿಖೆಯೂ ಸಾಕಾದ ಕಾರಣವಾಗುತ್ತದೆ. ಪರಕೀಯ ಸರ್ಕಾರ ತನಗೆ ತಾನೇ ಹಾಕಿಕೊಂಡಿದ್ದ ಬೇಲಿಯನ್ನು ಸ್ವಕೀಯ ಸರ್ಕಾರ ತೆಗೆದುಹಾಕಿತೆಂದರೆ ತಪ್ಪಾಗಲಾರದು.

ಅದೇ ಕಾಲದಲ್ಲಿ ಶ್ರಮದ ಮಿತಿಯೂ ಅಳಿಯಿತು. ಯಂತ್ರವು ಲಕ್ಷಾಂತರ ಸಂದೇಶಗಳನ್ನು ಆಯಾಸವಿಲ್ಲದೆ ಶೋಧಿಸಬಲ್ಲದು. ವರ್ಷಗಳ ಹಿಂದಿನ ಮಾತನ್ನೂ ಹೊರತೆಗೆಯಬಲ್ಲದು. ಸಂದೇಶವನ್ನು ಓದದಿದ್ದರೂ ಯಾರು ಯಾರೊಡನೆ, ಎಲ್ಲಿಂದ, ಎಷ್ಟು ಹೊತ್ತು ಮಾತನಾಡಿದರೆಂಬ ವಿವರಗಳಿಂದಲೇ ಒಬ್ಬನ ಜೀವನಕ್ರಮವನ್ನು ಊಹಿಸಬಹುದು.

ಈ ಹಿನ್ನೆಲೆಯಲ್ಲಿ 2017ರ ಆಗಸ್ಟ್ 24ರ ತೀರ್ಪು ಮಹತ್ತ್ವದ್ದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 9 ನ್ಯಾಯಾಧೀಶರ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು; ಖರಕ್ ಸಿಂಗ್ ತೀರ್ಪಿನ ಆ ಭಾಗವನ್ನು ತಳ್ಳಿಹಾಕಿತು. ಈ ಹಕ್ಕನ್ನು ಮಿತಿಗೊಳಿಸಬೇಕಾದರೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಈ ಮೂರೂ ಇರಬೇಕು.

5

2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ಮುಕ್ತಾಯವಾಯಿತು. ತಂತಿಯ ಕಾಯಿದೆ ಮಾತ್ರ ಮುಂದೆಯೂ ನಡೆಯಿತು. ಅದರ ಸ್ಥಾನಕ್ಕೆಂದು 2023ರ ಡಿಸೆಂಬರಿನಲ್ಲಿ ದೂರಸಂಪರ್ಕ ಕಾಯಿದೆ ರಚಿತವಾಯಿತು. ಸಂದೇಶವನ್ನು ತಡೆಯುವ ಅದರ 20ನೆಯ ಕಲಮು 2024ರ ಜೂನ್ 26ರಿಂದ ಜಾರಿಗೆ ಬಂದಿದೆ. ಅದರ ಮಾತುಗಳನ್ನು 1885ರ ಕಲಮಿನೊಡನೆ ಹೋಲಿಸಿ ನೋಡಿದರೆ ಹಳೆಯ ಪದಗಳೇ ಮತ್ತೆ ಎದುರಾಗುತ್ತವೆ. 2024ರ ಡಿಸೆಂಬರಿನ ನಿಯಮಗಳಲ್ಲಿಯೂ ಆಜ್ಞೆ ಕಾರ್ಯದರ್ಶಿಯದು, ಪರಿಶೀಲನೆ ಕಾರ್ಯದರ್ಶಿಗಳದು.

ರಾಜ್ಯಕ್ಕೆ ಭದ್ರತೆ ಬೇಡವೆಂದಾಗಲಿ, ಅಪರಾಧಿಗಳ ಮಾತನ್ನು ಎಂದೂ ಕೇಳಬಾರದೆಂದಾಗಲಿ ಈ ಲೇಖಕನ ವಾದವಲ್ಲ. 1947ರಲ್ಲಿ ಬಿ. ಎನ್. ರಾವ್ ಅವರು ಎತ್ತಿದ ಆತಂಕಕ್ಕೆ ಇಂದಿಗೂ ಬೆಲೆಯುಂಟು. ಆದರೆ 1885ರಲ್ಲಿ ಬಿಟ್ಟುಹೋದ ಪ್ರಶ್ನೆ, ಎಂದರೆ ಆಡಳಿತದ ಹೊರಗೆ ನಿಂತು ಈ ಅಧಿಕಾರವನ್ನು ಪರೀಕ್ಷಿಸತಕ್ಕವರು ಯಾರೆಂಬುದು, ಇನ್ನೂ ಹಾಗೆಯೇ ಉಳಿದಿದೆ. ಯಂತ್ರಗಳನ್ನು ಕುರಿತು ಓದುವ ವಿದ್ಯಾರ್ಥಿಗಳು ಅವುಗಳನ್ನಾಳುವ ಕಾಯಿದೆಗಳ ಚರಿತ್ರೆಯನ್ನೂ ಓದಬೇಕಾದುದು ಈ ಕಾರಣದಿಂದಲೇ. ನ್ಯಾಯಾಂಗದ ಪೂರ್ವಾನುಮತಿಯನ್ನು ಕಾಯಿದೆಯಲ್ಲಿಯೇ ಸೇರಿಸುವ ಅಧಿಕಾರ ಸಂಸತ್ತಿನದು. 1996ರಲ್ಲಿ ನ್ಯಾಯಾಲಯವು ತನ್ನಿಂದಾಗದೆಂದು ಬಿಟ್ಟ ಆ ಕೆಲಸ ಇನ್ನೂ ಬಾಕಿಯಿದೆ.