ನೆನೆದು ಬಂದವರ ಚರಿತ್ರೆ

ಸೈಕಲ್ಲು ಹುಟ್ಟಿದ್ದೇ ಮಳೆಯಿಂದ ಎಂದು ವಾದಿಸುವವರಿದ್ದಾರೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಗಂಧಕದ ಹೊಗೆ ಆಕಾಶಕ್ಕೆ ಮುಸುಕು ಹಾಕಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬಿಡದೆ ಮಳೆ, ಚಳಿ. ಬೆಳೆ ಕೈಕೊಟ್ಟಿತು, ಕುದುರೆಗಳಿಗೆ ತಿನ್ನಿಸಲು ಧಾನ್ಯವಿಲ್ಲದಾಯಿತು. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ಎರಡು ಚಕ್ರದ ಮರದ ಗಾಡಿಯೊಂದರ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಹೊರಟ. ಕುದುರೆ ಸಾಕಲಾಗದ ಕಾಲಕ್ಕೆ ಹೊಳೆದ ಉಪಾಯವಿದು ಎನ್ನುವುದು ಇತಿಹಾಸಕಾರ ಹಾನ್ಸ್-ಎರ್ಹಾರ್ಡ್ ಲೆಸ್ಸಿಂಗ್ ಅವರ ವಾದ. ಎಲ್ಲರೂ ಅದನ್ನು ಒಪ್ಪಿಲ್ಲ. ನನಗೆ ಅದು ಹಿಡಿಸಲು ಬೇರೆ ಕಾರಣವಿದೆ. ಸೈಕಲ್ಲಿನ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಅದನ್ನು ಬಿಸಿಲಿನಲ್ಲಿ ನಿಲ್ಲಿಸಿಯೇ ಬರೆದಿದ್ದಾರೆ. ಪಂದ್ಯಗಳು, ವಿಹಾರಗಳು, ಹೊಸ ಹೊಸ ಮಾದರಿಗಳು. ಆದರೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಾದವನ ಸೈಕಲ್ಲಿಗೆ ಮಳೆಗಾಲವೂ ಇರುತ್ತದಲ್ಲ. ಅವನ ಚರಿತ್ರೆಯನ್ನು ಮಳೆಯಿಂದ ಶುರುಮಾಡುವುದೇ ಸರಿ.

ನಮ್ಮ ಅಪ್ಪ, ತಾತಂದಿರು ತುಳಿದ ಆ ಕಪ್ಪು ಸೈಕಲ್ಲನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎರಡೂ ಚಕ್ರಗಳಿಗೆ ಅಗಲವಾದ ಮಡ್‌ಗಾರ್ಡ್. ಚೈನಿಗೆ ತಗಡಿನ ಕವರ್. ಬೆನ್ನು ನೆಟ್ಟಗಿಟ್ಟು ಕೂರುವ ಹಾಗೆ ಎತ್ತರದ ಹ್ಯಾಂಡಲ್ಲು. ಈ ರೂಪ ನಮ್ಮ ಮುಂಗಾರನ್ನು ನೋಡಿ ಮಾಡಿದ್ದಲ್ಲ. ಇಂಗ್ಲೆಂಡಿನ ಕಾವೆಂಟ್ರಿ, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಗಳ ಜಡಿಮಳೆಗೆ ಮಾಡಿದ್ದು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿದ್ದ ‘ರೋವರ್’ ಸೈಕಲ್ಲನ್ನು ತಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಆಮೇಲೆ ಸೈಕಲ್ಲು ಶ್ರೀಮಂತರ ಆಟಿಕೆಯಿಂದ ಕಾರ್ಖಾನೆ ಆಳುಗಳ ವಾಹನವಾಗುತ್ತ ಬಂದಂತೆ ಒದ್ದೆ ರಸ್ತೆಯ ಪ್ರಶ್ನೆ ಎದ್ದಿತು. ಕೆಸರು ಬೆನ್ನಿಗೆ ಸಿಡಿಯಬಾರದು, ಚೈನು ತುಕ್ಕು ಹಿಡಿಯಬಾರದು. ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ಎಂಬಾತ ತನ್ನ ‘ಸನ್‌ಬೀಮ್’ ಸೈಕಲ್ಲಿನಲ್ಲಿ ಇಡೀ ಚೈನನ್ನು ಎಣ್ಣೆಯಿದ್ದ ಪೆಟ್ಟಿಗೆಯೊಳಗೇ ಓಡಿಸಿದ. ನಮ್ಮೂರಿನ ಸೈಕಲ್ಲುಗಳ ಚೈನ್ ಕವರ್ ಅದರ ಬಡ ದಾಯಾದಿ.

ಟಯರಿಗೂ ಮಳೆಕೋಟಿಗೂ ಇರುವ ನಂಟು ಇನ್ನೂ ಹತ್ತಿರದ್ದು. ಎರಡೂ ಒಂದೇ ಮರದ ಹಾಲಿನಿಂದ ಬಂದವು. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟೋಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಸವರಿ ನೀರು ಇಳಿಯದ ಬಟ್ಟೆ ಮಾಡಿದ. ಬಿಸಿಲಿಗೆ ಅಂಟಂಟಾಗಿ ಚಳಿಗೆ ಸೆಟೆದುಕೊಳ್ಳುತ್ತಿದ್ದ ಆ ರಬ್ಬರನ್ನು ಗಂಧಕ ಸೇರಿಸಿ ಪಳಗಿಸುವ ವಿದ್ಯೆಗೆ 1844ರಲ್ಲಿ ಅಮೆರಿಕದ ಗುಡ್‌ಇಯರ್ ಪೇಟೆಂಟ್ ಪಡೆದ. 1890ರ ದಶಕದಲ್ಲಿ ಸೈಕಲ್ಲಿನ ಹುಚ್ಚು ಹಬ್ಬಿ ರಬ್ಬರಿನ ಬೇಡಿಕೆ ಏರಿದಾಗ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಕಾಂಗೋದಲ್ಲಿ, ಹೇಳಿದಷ್ಟು ರಬ್ಬರ್ ತರದವರ ಊರುಗಳನ್ನು ಸುಟ್ಟರು, ಕೈ ಕಡಿದರು. ಯುರೋಪಿನ ಕೂಲಿಯವ ಮಳೆಯಲ್ಲಿ ಸುಸೂತ್ರವಾಗಿ ಕೆಲಸಕ್ಕೆ ಹೋದ ದಾರಿಯಲ್ಲಿ ಈ ರಕ್ತವೂ ಇದೆ. ಇದನ್ನು ಹೇಳದೆ ಮುಂದೆ ಹೋಗಲಾಗದು.

ಭಾರತಕ್ಕೆ ಸೈಕಲ್ಲು ಬಂದಾಗ ಮೊದಲು ಹತ್ತಿದವರು ಬಿಳಿಯರು, ಸಿರಿವಂತರು. ಆಮೇಲೆ ಗುಮಾಸ್ತರು, ಮೇಷ್ಟರು. 1930ರ ದಶಕದಲ್ಲಿ ಜಪಾನಿನ ಅಗ್ಗದ ಸೈಕಲ್ಲುಗಳೂ ಬಂದವು. ಸ್ವಾತಂತ್ರ್ಯದ ನಂತರ ಮದರಾಸಿನಲ್ಲಿ ಟಿಐ, ಆಸನ್ಸೋಲಿನಲ್ಲಿ ಸೆನ್-ರ‍್ಯಾಲಿ, ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಕೂಲಿಕಾರನ ಮನೆಗೆ ಸೈಕಲ್ಲು ಬಂದದ್ದು ಈ ಕಾಲದಲ್ಲಿ. ಮಳೆಕೋಟು ಮಾತ್ರ ಅದರ ಜೊತೆಯಲ್ಲಿ ಬರಲಿಲ್ಲ. ಬಂಗಾಳದ ಸ್ವದೇಶಿ ಉತ್ಸಾಹಿ ಸುರೇಂದ್ರ ಮೋಹನ್ ಬೋಸ್ 1920ರಲ್ಲಿ ಶುರುಮಾಡಿದ ಕಂಪನಿಯ ‘ಡಕ್‌ಬ್ಯಾಕ್’ ಕೋಟು ಹೆಸರು ಮಾಡಿತ್ತು ನಿಜ. ಆದರೆ ಅದು ಸಾಹೇಬರ, ಇನ್‌ಸ್ಪೆಕ್ಟರರ ಮೈಮೇಲೆ ಕಾಣುತ್ತಿದ್ದ ವಸ್ತು. ಉರ್ದುವಿನಲ್ಲಿ ಮಳೆಕೋಟಿಗೆ ‘ಬರಸಾತಿ’ ಎನ್ನುತ್ತಾರೆ. ದೆಹಲಿಯಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆಗೂ ಅದೇ ಹೆಸರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಎರಡೂ ಇರಲಿಲ್ಲ.

ಇದ್ದದ್ದು ಕಂಬಳಿ ಕೊಪ್ಪೆ, ಗೊರಬೆ. ಗೊರಬೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರಿಗೆ ಹೇಳಿ ಮಾಡಿಸಿದ್ದು. ಸೈಕಲ್ಲಿನ ಮೇಲೆ ಕೂತರೆ ಗಾಳಿ ಅದನ್ನು ಹಾಯಿಯಂತೆ ಹಿಡಿಯುತ್ತದೆ. ಕಂಬಳಿ ನೆನೆದರೆ ಅದರ ಭಾರವನ್ನೂ ತುಳಿಯಬೇಕು. ಹೀಗಾಗಿ ಸೈಕಲ್ಲಿನವರು ಕೊಡೆಗೆ ಶರಣಾದರು. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಹ್ಯಾಂಡಲ್ಲು. ನೋಡಲು ಸೊಗಸು, ಆದರೆ ಅಪಾಯ. ಎಡಗೈ ಎತ್ತಿದ ಕೂಡಲೇ ಹಿಂದಿನ ಚಕ್ರದ ಬ್ರೇಕು ಕೈತಪ್ಪಿತು. ಉಳಿದದ್ದು ಮುಂದಿನದು. ಅದೋ, ಕಬ್ಬಿಣದ ಸರಳು ಎಳೆದು ರಬ್ಬರಿನ ತುಂಡನ್ನು ರಿಮ್ಮಿಗೆ ಒತ್ತುವ ಬ್ರೇಕು. ಮಿರಮಿರ ಮಿಂಚುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿಗೆ ಹಿಡಿತವೇ ಸಿಗದು. ಚಕ್ರ ಕೆಲವು ಸುತ್ತು ತಿರುಗಿ ನೀರು ಒರೆಸಿಹೋದ ಮೇಲಷ್ಟೇ ಕಚ್ಚುತ್ತದೆ. ಆ ಕೆಲವು ಸುತ್ತುಗಳಲ್ಲಿ ಎದುರಿಗೆ ಏನು ಬರುತ್ತದೋ ಅದೇ ಹಣೆಬರಹ. ಕತ್ತಲಾದ ಮೇಲೆ ಡೈನಮೋದ್ದೂ ಇದೇ ಕಥೆ. ಒದ್ದೆ ಟಯರಿನ ಮೇಲೆ ಅದರ ಗಾಲಿ ಜಾರಿ, ದೀಪ ಬೇಕಾದ ಹೊತ್ತಿಗೇ ಮಂಕಾಗುತ್ತಿತ್ತು. ಅದಕ್ಕೂ ಹಿಂದಿನ ಕಾರ್ಬೈಡ್ ದೀಪ ಈ ವಿಷಯದಲ್ಲಿ ವಾಸಿ. ಅದು ಉರಿಯುತ್ತಿದ್ದದ್ದೇ ನೀರು ತೊಟ್ಟಿಕ್ಕಿದರೆ!

ಪ್ಲಾಸ್ಟಿಕ್ ಬಂದ ಮೇಲೆ ಬಡವನ ಮಳೆಕೋಟು ಬಂತೆನ್ನಬೇಕು. ಗೊಬ್ಬರದ ಚೀಲವನ್ನು ಒಂದು ಮೂಲೆ ಒಳಕ್ಕೆ ಮಡಚಿದರೆ ಕೊಪ್ಪೆ. ಹಾಲಿನ ಪ್ಯಾಕೆಟ್ಟಿನಲ್ಲಿ ಬೀಡಿ, ಬೆಂಕಿಪೊಟ್ಟಣ. ಸೀಟಿಗೊಂದು ಚೀಲ ಕಟ್ಟಿದರೆ ಸಂಜೆ ಪಾಳಿ ಮುಗಿಸಿ ಬಂದಾಗ ಒಣ ಜಾಗದಲ್ಲಿ ಕೂರುವ ಭಾಗ್ಯ. ಭದ್ರಾವತಿಯಲ್ಲಿ ನನ್ನ ಚಾಚಾ ಒಬ್ಬರು ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿಯನ್ನು ಊಟಕ್ಕೆ ಬಳಸುತ್ತಲೇ ಇರಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದರಲ್ಲಿ ಒಂದು ಒಣ ಬನಿಯನ್ನು, ಒಂದು ಟವೆಲು. “ರೊಟ್ಟಿ ನೆನೆದರೆ ತಿನ್ನಬಹುದು, ಬನಿಯನ್ ನೆನೆದರೆ ಎಂಟು ತಾಸು ನಡುಗಬೇಕು” ಎನ್ನುತ್ತಿದ್ದರು.

ಮಳೆಗಾಲ ಪಂಕ್ಚರಿನ ಕಾಲವೂ ಹೌದು. ಒದ್ದೆಯಾದ ರಬ್ಬರನ್ನು ಗಾಜಿನ ಚೂರು, ಮುಳ್ಳು ಸಲೀಸಾಗಿ ಸೀಳುತ್ತವೆ. ಅಂಟಿಸಲು ಹೋದರೆ ಟ್ಯೂಬು ಪೂರಾ ಒಣಗದೆ ಸಲ್ಯೂಷನ್ ಹಿಡಿಯುವುದಿಲ್ಲ. ಜೋರು ಮಳೆಯಲ್ಲಿ ತಗಡಿನ ಸೂರಿನಡಿ ಕೂತು ಟ್ಯೂಬನ್ನು ಒರೆಸಿ, ಉಜ್ಜಿ, ಬಾಯಿಂದ ಊದಿ ಒಣಗಿಸಿ, ಎಂಟರೊಳಗೆ ಗೇಟು ಸೇರಬೇಕಾದವನನ್ನು ಕಳಿಸಿಕೊಟ್ಟವರಲ್ಲಿ ನಮ್ಮ ಊರುಗಳ ಸಾಬರು ಸಾಕಷ್ಟಿದ್ದರು. ‘ಪಂಕ್ಚರ್ ಹಾಕುವವರು’ ಎಂಬುದನ್ನು ಈಚೆಗೆ ಭಾಷಣಗಳಲ್ಲಿ ಬೈಗುಳವಾಗಿ ಬಳಸುವುದನ್ನು ಕೇಳಿದ್ದೇನೆ. ಹಾಗೆ ಬೈಯುವವರು ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಎರಡು ಮೈಲಿ ನಡೆದವರಲ್ಲ ಎಂದಷ್ಟೇ ಹೇಳಬಲ್ಲೆ.

ರಸ್ತೆಯ ವಿಷಯಕ್ಕೆ ಬರೋಣ. ಡಾಂಬರು ರಸ್ತೆಯ ನಡು ಉಬ್ಬಿರುತ್ತದೆ, ಎರಡೂ ಅಂಚು ಇಳಿಜಾರು. ನೀರು ನಿಲ್ಲದಿರಲಿ ಎಂದು ಇಂಜಿನಿಯರು ಮಾಡಿದ ಒಳ್ಳೆಯ ಏರ್ಪಾಡು. ಆದರೆ ನೀರು ಹರಿದು ಸೇರುವ ಆ ಎಡಅಂಚೇ ಸೈಕಲ್ಲಿನವನ ಜಾಗ. ಕಿತ್ತ ಡಾಂಬರು, ಮರಳು, ಬಾಯಿ ತೆರೆದ ಚರಂಡಿ ಎಲ್ಲ ಅಲ್ಲೇ, ಅದೂ ಕೆಂಪು ನೀರಿನಡಿ. ಬಸ್ಸು ಹಾದುಹೋದರೆ ಮೇಲಿನ ಮಳೆಗೆ ಪಕ್ಕದ ಮಳೆಯೂ ಸೇರುತ್ತದೆ. ಕರಾವಳಿಯಲ್ಲಿ ಕ್ಯಾರಿಯರಿಗೆ ಬುಟ್ಟಿ ಬಿಗಿದು, ಹಾರ್ನ್ ಒತ್ತುತ್ತ ಹಳ್ಳಿ ಹಳ್ಳಿಗೆ ಮೀನು ಒಯ್ಯುತ್ತಿದ್ದ ಬ್ಯಾರಿಗಳು ಈ ಅಂಚಿನಲ್ಲೇ ಬಾಳುವೆ ಕಳೆದರು. ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಬುಟ್ಟಿಯಿಂದ ಸೋರುವ ಉಪ್ಪುನೀರು, ಮೇಲಿನಿಂದ ಸುರಿಯುವ ಸಿಹಿನೀರು ಎರಡೂ ಸೇರಿ ಸೈಕಲ್ಲನ್ನು ತಿನ್ನುತ್ತಿದ್ದವು.

ಈಗ ಗಡಿಯಾರ. ಕೃಷಿಕನಿಗೆ ಮಳೆಯೆಂದರೆ ಕೆಲಸದ ಕರೆ. ಕಾರ್ಖಾನೆಯವನಿಗೆ ಮಳೆ ಎಂದರೆ ತಡ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ, ಬಿಇಎಲ್ ಅದರ ಮರುವರ್ಷ ಶುರುವಾದವು. ಊರ ಹೊರಗಿನ ಈ ಗೇಟುಗಳಿಗೆ ಹಳೇಪೇಟೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಸೈಕಲ್ಲುಗಳು ಹೊಳೆಯಂತೆ ಹರಿದವು. 1936ರ ವೇತನ ಪಾವತಿ ಕಾಯ್ದೆ ಕೂಲಿಕಾರನ ಪರವಾದದ್ದೇ. ಗೈರಾದ ಹೊತ್ತಿಗೆ ತಕ್ಕಷ್ಟೇ ಕೂಲಿ ಮುರಿಯಬೇಕು, ಅದಕ್ಕಿಂತ ಹೆಚ್ಚಿಲ್ಲ ಎಂದಿತು. ಆದರೆ ಅವನ ಹೊತ್ತು ಗೇಟಿನಿಂದ ಲೆಕ್ಕವಾಗುತ್ತದೆ. ಮನೆಯಿಂದ ಗೇಟಿನವರೆಗಿನ ದಾರಿ, ಅದರ ಮೇಲೆ ಸುರಿದ ಮಳೆ, ಜಾರಿದ ಬ್ರೇಕು ಎಲ್ಲ ಅವನ ಖಾಸಗಿ ವ್ಯವಹಾರ.

ಇದು ಬರೀ ಮಾತಲ್ಲ. 1971ರ ಜೂನ್ 26. ಕೇರಳದ ಕೊರಟ್ಟಿ ಎಂಬಲ್ಲಿ ಕಾರ್ಮಿಕನೊಬ್ಬ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟಿದ್ದ. ಅವನ ಪಾಳಿ ಸಂಜೆ 4.30ಕ್ಕೆ. 4.15ಕ್ಕೆ, ಕಾರ್ಖಾನೆಗೆ ಇನ್ನೊಂದು ಕಿಲೋಮೀಟರ್ ಇರುವಾಗ, ಅದೇ ಕಂಪನಿಯ ಲಾರಿ ಅವನಿಗೆ ಡಿಕ್ಕಿ ಹೊಡೆಯಿತು. ಕೊರಳ ಪಕ್ಕದ ಎಲುಬು ಮುರಿಯಿತು. ಇಎಸ್‌ಐ ಪರಿಹಾರ ಕೇಳಿದ. ಕೆಳಗಿನ ನ್ಯಾಯಾಲಯ, ಹೈಕೋರ್ಟು ಅವನ ಪರವಾಗಿದ್ದವು. ಮೇಲ್ಮನವಿ ಹೋಗಿ, 25 ವರ್ಷಗಳ ನಂತರ, 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಅದು ಉದ್ಯೋಗದ ಗಾಯವಲ್ಲ. ಕಾರಣ, ಅವನಿನ್ನೂ ಕೆಲಸ ಶುರುಮಾಡಿರಲಿಲ್ಲ, ಸಾರ್ವಜನಿಕ ರಸ್ತೆಯಲ್ಲಿದ್ದ.

ಕಾನೂನಿನ ಕಣ್ಣಿಗೆ ಆ ತರ್ಕ ನೇರವಾಗಿತ್ತು ಎನ್ನಬಹುದು. ಆದರೆ ಜೂನ್ ತಿಂಗಳ ಕೊನೆಯಲ್ಲಿ ಕೇರಳದ ರಸ್ತೆಯಲ್ಲಿ ಆ ಮನುಷ್ಯ ಏನು ಮಾಡುತ್ತಿದ್ದ? ಹವಾ ಸೇವನೆಗೆ ಹೊರಟಿದ್ದನೆ? ಪಾಳಿ ಇಲ್ಲದಿದ್ದರೆ ಅವನು ಆ ಹೊತ್ತಿಗೆ ಅಲ್ಲಿ ಇರುತ್ತಿರಲಿಲ್ಲ. ಕೆಲಸ ಎಲ್ಲಿಂದ ಶುರುವಾಗುತ್ತದೆ, ಹೊಸ್ತಿಲಿನಿಂದಲೋ ಗೇಟಿನಿಂದಲೋ? ಒದ್ದೆ ಬನಿಯನ್ ಬದಲಿಸಿಕೊಂಡ ಯಾರನ್ನೇ ಕೇಳಿದ್ದರೂ ಉತ್ತರ ಸಿಗುತ್ತಿತ್ತು.

ಸಂಸತ್ತಿಗೆ ಅದು ಹೊಳೆಯಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 2010ರಲ್ಲಿ ಇಎಸ್‌ಐ ಕಾಯ್ದೆಗೆ 51-ಇ ಎಂಬ ಹೊಸ ಕಲಮು ಸೇರಿತು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗಿನ ಅಪಘಾತವೂ, ಹೊತ್ತು, ಜಾಗ, ಸಂದರ್ಭಗಳಿಗೆ ಕೆಲಸದ ನಂಟಿದ್ದರೆ, ಉದ್ಯೋಗದ ಅಪಘಾತವೇ. ಆದರೆ ಇಎಸ್‌ಐ ಎಲ್ಲರಿಗೂ ಇಲ್ಲವಲ್ಲ. 2003ರಲ್ಲಿ ನಸುಕಿನ ಪಾಳಿಗೆ ಹೋಗುವಾಗ ದಾರಿಯಲ್ಲಿ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಮನೆಯವರ ಅರ್ಜಿಯಲ್ಲಿ, ನೌಕರರ ಪರಿಹಾರ ಕಾಯ್ದೆಗೂ ಇದೇ ಅರ್ಥ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2025ರ ಜುಲೈನಲ್ಲಿ. ಅಲ್ಲಿಗೆ ಕೊರಟ್ಟಿಯ ಲಾರಿ ಗುದ್ದಿ 54 ವರ್ಷ. ಇನ್ನು ಮನೆಗೆಲಸದವರು, ದಿನಗೂಲಿಯವರು, ಕ್ಯಾರಿಯರಿಗೆ ಬುಟ್ಟಿ ಬಿಗಿದವರು? ಅವರಿಗೆ ಗೇಟೇ ಇಲ್ಲ. ಯಜಮಾನನನ್ನು ಎಲ್ಲಿ ಹುಡುಕುವುದು?

ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ನಮ್ಮ ಜನಗಣತಿ ಮೊದಲ ಸಲ ಕೇಳಿದ್ದು 2011ರಲ್ಲಿ. ಬೇಸಾಯ, ಗೃಹ ಕೈಗಾರಿಕೆ ಬಿಟ್ಟು ಉಳಿದ ಸುಮಾರು 20 ಕೋಟಿ ದುಡಿಯುವವರಲ್ಲಿ ನೂರಕ್ಕೆ 13 ಮಂದಿ ಸೈಕಲ್ಲಿನವರು. ಬಸ್ಸಿನವರಿಗಿಂತ ಹೆಚ್ಚು. ಆ ಹೊತ್ತಿಗೆ ನಗರಗಳ ಮೇಲ್ಸೇತುವೆಗಳಲ್ಲಿ ಅವರಿಗೆ ಒಂದಡಿ ಜಾಗವಿರಲಿಲ್ಲ. 2018ರಲ್ಲಿ ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಸೈಕಲ್ ದಿನ ಮಾಡಿತು. ನಮ್ಮ ಕರಾವಳಿಗೆ ಮುಂಗಾರು ಬರುವ ವಾರ ಅದು. ದಿನ ಗೊತ್ತುಮಾಡಿದವರಿಗೆ ಅದು ತಿಳಿದಿರಲಾರದು. 2020ರ ಅದೇ ದಿನ ಅಟ್ಲಾಸ್ ಕಂಪನಿ ಸಾಹಿಬಾಬಾದ್‌ನಲ್ಲಿದ್ದ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಮಳೆಯಲ್ಲಿ ಕೆಲಸಕ್ಕೆ ಹೋಗುವುದು ಅಂದು ದೇಶದ ಸುದ್ದಿಯಾಯಿತು. ಅವರ ಕಷ್ಟ ಸುಳ್ಳಲ್ಲ. ಆದರೆ ಅದೇ ಊರಿನಲ್ಲಿ ಅರ್ಧ ಶತಮಾನ ಮಳೆಯಲ್ಲಿ ನೆನೆದು ಬಂದವರ ಫೋಟೋ ಯಾರೂ ಮುಖಪುಟಕ್ಕೆ ಹಾಕಿರಲಿಲ್ಲ.

ಸೈಕಲ್ಲಿನ ರಿಪೇರಿಗೆ ದುಡ್ಡು ಬೇಕು ಎಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟದ್ದು ಕೇಂದ್ರ ಸರ್ಕಾರವೇ. ಅಂಚೆಯವರಿಗೆ, ರೈಲು ಹಳಿ ಕಾಯುವವರಿಗೆ ಸೈಕಲ್ ಭತ್ಯೆ ಇತ್ತು. ಏಳನೇ ವೇತನ ಆಯೋಗ 2015ರಲ್ಲಿ ಅದನ್ನು ತೆಗೆದುಹಾಕಲು ಶಿಫಾರಸು ಮಾಡಿತು. 2017ರಲ್ಲಿ ಸರ್ಕಾರ ಆ ಶಿಫಾರಸನ್ನು ಒಪ್ಪದೆ ಭತ್ಯೆಯನ್ನು ಉಳಿಸಿ, ತಿಂಗಳಿಗೆ 90 ರೂಪಾಯಿ ಇದ್ದದ್ದನ್ನು 180 ಮಾಡಿತು.