ಈಡಿಪಸ್ ಕಥೆಯನ್ನು ಅವ್ವ ಹೇಳಿದರೆ

ಕೌನ್ಸೆಲಿಂಗ್ ಅನ್ನೋದು ಈಗ ನಮ್ಮ ಐಟಿ ಮಂದಿಗೆ ಹೊಸ ಮಾತೇನಲ್ಲ. ಹೋಗಿಬಂದವರು ಹೇಳೋದೂ ಹೆಚ್ಚುಕಮ್ಮಿ ಒಂದೇ: ಡೆಡ್‌ಲೈನು, ಮ್ಯಾನೇಜರು ಅಂತ ಶುರುವಾದ ಮಾತು ಮೂರನೇ ಭೇಟಿಯ ಹೊತ್ತಿಗೆ ಅಪ್ಪ-ಅಮ್ಮನ ಹತ್ತಿರ ಬಂದು ನಿಂತಿರುತ್ತದೆ. ಹೀಗೆ ಮಾತಾಡಿಸಿ ಮನಸ್ಸಿನ ತಳ ಕೆದಕುವ ದಾರಿ ತೋರಿದವನು ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ (1856–1939). ನಮಗೇ ಗೊತ್ತಿಲ್ಲದ ಆಸೆಗಳು ಒಳಗೆ ಕೂತು ನಮ್ಮನ್ನು ಆಡಿಸುತ್ತವೆ, ಕನಸಿನಲ್ಲಿ ವೇಷ ಹಾಕಿಕೊಂಡು ಬರುತ್ತವೆ ಅಂದ. ಗ್ರೀಕರ ಈಡಿಪಸ್ ರಾಜ ಗೊತ್ತಿಲ್ಲದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದವನು. ಗಂಡುಮಗು ತಾಯಿಯನ್ನು ಬಯಸಿ ತಂದೆಯನ್ನು ಎದುರಾಳಿ ಅಂತ ಕಾಣುತ್ತದೆ, ಹಾಗಾಗಿ ಈ ಕಥೆ ಮನುಷ್ಯರೆಲ್ಲರದು ಅನ್ನೋದು ಫ್ರಾಯ್ಡ್‌ನ ವಾದ.

ಎಲ್ಲರದೂ ಹೌದೋ? 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ ಡಾ. ಗಿರೀಂದ್ರಶೇಖರ ಬೋಸ್ ಅನುಮಾನಪಟ್ಟಿದ್ದರು. ನನ್ನ ಬಂಗಾಳಿ ರೋಗಿಗಳಲ್ಲಿ ಇದು ನೀವು ಹೇಳಿದ ಹಾಗೆ ಕಾಣಿಸುತ್ತಿಲ್ಲ ಅಂತ ಫ್ರಾಯ್ಡ್‌ಗೇ ಬರೆದರು. ಗುರು ಒಪ್ಪಲಿಲ್ಲ. ಆದರೆ 1931ರಲ್ಲಿ, ಫ್ರಾಯ್ಡ್‌ಗೆ 75 ತುಂಬಿದಾಗ, ಕಲ್ಕತ್ತೆಯಿಂದ ಹೋದ ದಂತದ ವಿಷ್ಣು ಮಾತ್ರ ಆತನ ಮೇಜಿನ ಮೇಲೆ ಜಾಗ ಪಡೆಯಿತು!

ನನ್ನನ್ನು ಹಿಡಿದು ನಿಲ್ಲಿಸಿದ ಉತ್ತರ ಮಾತ್ರ ನಮ್ಮ ಕಡೆಯದೇ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ, ಆಮೇಲೆ ಶಿಕಾಗೋ ಸೇರಿದ ಎ.ಕೆ. ರಾಮಾನುಜನ್ (1929–1993) ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ, ಕಣ್ಣು ಅರ್ಧ ಮಂಜಾಗಿದ್ದ ಹೆಂಗಸೊಬ್ಬಳಿಂದ ಒಂದು ಕಥೆ ಕೇಳಿದ್ದರು. ಮಗನನ್ನೇ ಮದುವೆಯಾಗಿ ಅವನಿಂದ ಮಗು ಹೆರುತ್ತಾಳೆ ಅಂತ ಒಬ್ಬ ಹುಡುಗಿಯ ಹಣೆಯಲ್ಲಿ ಬರೆದಿರುತ್ತದೆ. (ಹುಟ್ಟಿದ ಐದನೇ ರಾತ್ರಿ ಶೆಟಿಗೆವ್ವ ಬಂದು ಬರೆದು ಹೋಗ್ತಾಳ ಅನ್ನೋದು ನಮ್ಮ ಕಡೆ ನಂಬಿಕೆ. ಎಡಿಟ್ ಆಪ್ಶನ್ ಇಲ್ಲ.) ಗಂಡಸರ ಸಹವಾಸವೇ ಬೇಡ ಅಂತ ಹುಡುಗಿ ಕಾಡು ಸೇರಿ ಹಣ್ಣು ತಿಂದು ಬದುಕುತ್ತಾಳೆ. ದಾರಿಹೋಕ ರಾಜನೊಬ್ಬ ಒಂದು ಮಾವಿನ ಮರದ ಬುಡದಲ್ಲಿ ಉಚ್ಚೆ ಹೊಯ್ದು ಹೋಗುತ್ತಾನೆ. ಆ ಮರದ ಹಣ್ಣು ತಿಂದು ಇವಳು ಬಸಿರು. ಹುಟ್ಟಿದ ಗಂಡುಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹಳ್ಳಕ್ಕೆ ಬಿಡುತ್ತಾಳೆ. ಕೂಸು ಇನ್ನೊಬ್ಬ ರಾಜನ ಮನೆಯಲ್ಲಿ ಬೆಳೆದು, ಬೇಟೆಗೆ ಬಂದು, ಇವಳನ್ನೇ ಮೆಚ್ಚುತ್ತದೆ. ಮಗ ಬದುಕಿಲ್ಲವಲ್ಲ ಅಂತ ಇವಳು ಒಪ್ಪುತ್ತಾಳೆ. ಮಗು ಹುಟ್ಟಿದ ಮೇಲೆ, ಅದರ ಅಪ್ಪನನ್ನು ಸುತ್ತಿದ್ದ ಹಳೇ ಬಟ್ಟೆಯನ್ನು ಶಾಸ್ತ್ರಕ್ಕೆ ಹೊರಗೆ ತೆಗೆದಾಗ ಕಾಣಿಸುವುದು ತನ್ನದೇ ಸೀರೆಯ ತುಂಡು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ತೊಟ್ಟಿಲಲ್ಲಿದ್ದ ಕೂಸಿಗೆ ಮಗ, ಮೊಮ್ಮಗ, ಮೈದುನ ಅಂತ ಎಲ್ಲ ಸಂಬಂಧವನ್ನೂ ಸೇರಿಸಿ ಜೋಗುಳ ಹಾಡಿ ಜೀವ ಕಳೆದುಕೊಳ್ಳುತ್ತಾಳೆ.

ಗ್ರೀಕ್ ಕಥೆಯಲ್ಲಿ ಶಾಪ ಮಗನದು. ಇಲ್ಲಿ ತಾಯಿಯದು. ತಂದೆಯ ಕೊಲೆಯೂ ಇಲ್ಲ. ಆತನ ಪಾತ್ರ ಮರದ ಬುಡದಲ್ಲೇ ಮುಗಿಯಿತು. 1983ರಲ್ಲಿ ಎಡ್ಮಂಡ್ಸ್ ಮತ್ತು ಡಂಡೆಸ್ ಸಂಪಾದಿಸಿದ ಈಡಿಪಸ್ ಕುರಿತ ಪುಸ್ತಕದಲ್ಲಿರುವ ತಮ್ಮ ಲೇಖನದಲ್ಲಿ ರಾಮಾನುಜನ್ ತೋರಿಸಿದ್ದು ಇದನ್ನೇ: ನಮ್ಮ ಕಥೆಗಳಲ್ಲಿ ಬಾಣ ತಿರುಗಿ ಬರುತ್ತದೆ. ಮುದಿ ಯಯಾತಿ ಮಗ ಪೂರುವಿನ ಯೌವನ ಕೇಳಿ ಪಡೆಯುತ್ತಾನೆ. ಶಂತನುವಿನ ಮದುವೆಗಾಗಿ ಭೀಷ್ಮ ಬ್ರಹ್ಮಚಾರಿಯಾಗುತ್ತಾನೆ. ಶಿವ ಗಣಪತಿಯ ತಲೆ ಕಡಿಯುತ್ತಾನೆ. ಅಪ್ಪ ಗೆಲ್ಲುತ್ತಾನೆ, ಮಗ ಬಿಟ್ಟುಕೊಡುತ್ತಾನೆ. ಕಾರ್ನಾಡರು ಮೊದಲ ನಾಟಕಕ್ಕೆ ಯಯಾತಿಯನ್ನೇ ಆರಿಸಿಕೊಂಡರಲ್ಲ, ಅದೂ ಇಪ್ಪತ್ತರ ಹರೆಯದಲ್ಲಿ! ಮನೆಯವರ ಆಸೆಗೆ ಬ್ರಾಂಚ್ ಆರಿಸಿಕೊಂಡು ಬಿಇ ಮಾಡಿದ ನನ್ನ ಎಷ್ಟೋ ಗೆಳೆಯರಿಗೆ ಪೂರುವಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಕಥೆ ಹಿಡಿದು 'ಭಾರತೀಯ ಮನಸ್ಸು' ಹೀಗೆಯೇ ಅನ್ನೋದು ನನಗೆ ಹಿಡಿಸೋದಿಲ್ಲ. ರಾಮಾನುಜನ್‌ರಿಂದ ನಾನು ಎತ್ತಿಕೊಂಡದ್ದು ಬೇರೆ: ಕಥೆ ಹೇಳುವ ಬಾಯಿ ಯಾರದು, ಕೇಳುವವರು ಯಾರು? ಹಾನಗಲ್ ತಾಲೂಕಿನ ನಮ್ಮೂರಲ್ಲಿ ಗೋವಿನಜೋಳ ಬಿಡಿಸುತ್ತಾ ಅಮ್ಮ (ನಮ್ಮಲ್ಲಿ ಅಜ್ಜಿಗೆ ಅಮ್ಮ ಅಂತೀವಿ) ಕಥೆ ಹೇಳುತ್ತಿದ್ದಳು. ಅಜ್ಜ ಬಂದು ಕಟ್ಟೆಯ ಮೇಲೆ ಕೂತರೆ ಕಥೆಯ ನಡುವಿನ ಒಂದು ತುಂಡು ಮಾಯ. ಎದ್ದು ಹೋದರೆ ಮತ್ತೆ ಹಾಜರು. ಮನಸ್ಸಿನೊಳಗೆ ಒಬ್ಬ ಸೆನ್ಸಾರ್ ಕೂತಿರುತ್ತಾನೆ ಅಂತ ಫ್ರಾಯ್ಡ್ ಹೇಳಿದ. ನಮ್ಮ ಮನೆಯಲ್ಲಿ ಅವನು ಎಲೆ-ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

ಈ ಸೀಮೆಯ ಗಂಡಸರ ಹೆಸರು ಎಲ್ಲರಿಗೂ ಗೊತ್ತು. ಹಿರೇಕೆರೂರಿನ ಕಡೆಯವರು ಸರ್ವಜ್ಞ ನಮ್ಮವನು ಅಂತಾರೆ. ಶಿಗ್ಗಾವಿಗೆ ಶರೀಫರು, ಸವಣೂರಿಗೆ ಗೋಕಾಕರು. ಕಥೆ ಹೇಳಿದ ಹೆಂಗಸರ ಹೆಸರು ಕೇಳಿ ನೋಡಿ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಆದರೆ ಅಮ್ಮ ತೀರಿಹೋದಳು, ಅವಳ ಕಥೆಗಳು ಯಾವ ಟೇಪಿನಲ್ಲೂ ಇಲ್ಲ.

ಮೊನ್ನೆ ಅವ್ವನಿಗೆ ಫೋನಿನಲ್ಲಿ ಈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಹಣೆಬರಹದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅಲ್ಲೋ, ತೊಟ್ಟಲಾಗಿನ ಕೂಸಿನ್ನ ಆಮ್ಯಾಲೆ ಯಾರು ಸಾಕಿದ್ರು?" ಅಂದಳು.