ಹಂದಿಗೋಡು ಕಾಯಿಲೆ

ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಮೂಳೆ ಮತ್ತು ಕೀಲುಗಳ ಅಪರೂಪದ ರೋಗ. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಮೊದಲು ಗಮನಕ್ಕೆ ಬಂದದ್ದರಿಂದ ಈ ಹೆಸರು ಬಂದಿದೆ. ಇದೇ ಸೀಮೆಯ ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಅದು ಉಣುಗು ಕಚ್ಚಿ ಬರುವ ವೈರಸ್ ಜ್ವರ. ಇದು ಯಾರಿಂದ ಯಾರಿಗೂ ಅಂಟುವುದಿಲ್ಲ.

ಸೊಂಟ ಮತ್ತು ಮಂಡಿಯ ನೋವಿನಿಂದ ಕಾಯಿಲೆ ತಲೆದೋರುತ್ತದೆ. ಸೊಂಟದ ಕೀಲು ಸವೆಯುತ್ತ ಹೋದಂತೆ ನಡಿಗೆ ವಾಲುತ್ತದೆ, ಕೋಲಿನ ಆಸರೆ ಬೇಕಾಗುತ್ತದೆ. ಕೆಲವರು ಕೊನೆಗೆ ತೆವಳುವ ಸ್ಥಿತಿಗೆ ಬರುತ್ತಾರೆ. ಕೆಲವರ ಎತ್ತರ ಹೆಚ್ಚು ಕಡಿಮೆ ಸಹಜವಾಗಿರುತ್ತದೆ. ಇನ್ನು ಕೆಲವರಲ್ಲಿ ಬೆನ್ನುಮೂಳೆ, ಕೈಕಾಲುಗಳ ಬೆಳವಣಿಗೆಯೇ ಕುಂಠಿತವಾಗಿ ದೇಹ ಗಿಡ್ಡಾಗುತ್ತದೆ. ಬಾಧಿತರಲ್ಲಿ ಹೆಚ್ಚಿನವರು ಛಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೂಲಿಕಾರರು. ಬಗ್ಗಿ ನಾಟಿ ಮಾಡಿ, ಹೊರೆ ಹೊತ್ತು ಬದುಕುವವರಿಗೆ ಸೊಂಟ ಹೋಯಿತೆಂದರೆ ಅನ್ನವೇ ಹೋದಂತೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಸಂಶೋಧಕರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು. ಆ ದಿನಗಳಲ್ಲಿ ಗುಮಾನಿ ಎದ್ದದ್ದು ಗದ್ದೆಯ ಏಡಿಗಳ ಮೇಲೆ. ಬೆಳೆಗೆ ಹೊಡೆದ ಕೀಟನಾಶಕ ಏಡಿ, ಮೀನುಗಳ ಮೂಲಕ ಬಡವರ ಊಟಕ್ಕೆ ಸೇರಿರಬಹುದೆಂಬ ವಾದ ಅದು. ಹೊಸ ಔಷಧಿಗಳು ಗದ್ದೆಗೆ ಬಂದ ಕಾಲವಾದ್ದರಿಂದ ಸಂಶಯ ಅಸಹಜವೇನಲ್ಲ. ಆದರೆ ಅದೇ ಏಡಿ ತಿಂದ ನೆರೆಮನೆಯವರನ್ನು ಬಿಟ್ಟು ಕೆಲವು ವಂಶಗಳಲ್ಲೇ ಕಾಯಿಲೆ ಏಕೆ ಮರುಕಳಿಸುತ್ತದೆಂಬುದಕ್ಕೆ ಆ ವಾದದಲ್ಲಿ ಉತ್ತರವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ಅಧ್ಯಯನಗಳು ವಂಶವೃಕ್ಷಗಳನ್ನೂ ಕ್ಷ-ಕಿರಣ ಚಿತ್ರಗಳನ್ನೂ ಒಟ್ಟಿಗೆ ಪರಿಶೀಲಿಸಿ, ಇದು ಮೃದ್ವಸ್ಥಿ ಮತ್ತು ಮೂಳೆಗಳ ಬೆಳವಣಿಗೆಯ ಆನುವಂಶಿಕ ದೋಷವೆಂದು ಗುರುತಿಸಿದವು. 1990ರ ದಶಕದಲ್ಲಿ ಲಖನೌದ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು ಇದನ್ನು ಅದುವರೆಗೆ ವರ್ಣಿಸದ ಹೊಸ ಬಗೆಯೆಂದು ಪ್ರಕಟಿಸಿದರು. ದೋಷವು ಪ್ರಬಲ ಜೀನ್‌ನದು: ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿ ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧದಷ್ಟು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಕೀಲುರೋಗದೊಂದಿಗೆ ಇದನ್ನು ಹೋಲಿಸುವುದುಂಟು.

ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿಗಳಲ್ಲಿ ಕಾಣುವ ಕುಡಗೋಲು ಕಣ ರೋಗವೂ ಸೊಂಟದ ಕೀಲನ್ನು ಕೆಡಿಸಬಲ್ಲದು. ಅಲ್ಲಿ ಬಾಗಿದ ರಕ್ತಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ, ತೊಡೆಮೂಳೆಯ ತಲೆ ರಕ್ತವಿಲ್ಲದೆ ಸಾಯುತ್ತದೆ. ಹಂದಿಗೋಡು ಕಾಯಿಲೆಯ ಮೂಲ ರಕ್ತನಾಳದಲ್ಲಿಲ್ಲ, ಮೂಳೆ ರೂಪುಗೊಳ್ಳುವ ಕ್ರಮದಲ್ಲೇ ಇದೆ. ಹಾಗಾಗಿ ಕುಂಟುವ ಪ್ರತಿ ರೋಗಿಗೂ ರಕ್ತಪರೀಕ್ಷೆ, ಕ್ಷ-ಕಿರಣ ಎರಡೂ ಬೇಕು.

ಮೂಲದಿಂದ ಗುಣಪಡಿಸುವ ಔಷಧಿಯಿಲ್ಲ. ನೋವು ನಿವಾರಣೆ, ವ್ಯಾಯಾಮ ಚಿಕಿತ್ಸೆ, ಕೀಲು ತೀರ ಹಾಳಾದಾಗ ಕೃತಕ ಕೀಲು ಜೋಡಣೆ, ಮದುವೆ ಮತ್ತು ಮಕ್ಕಳ ಬಗ್ಗೆ ತಿಳಿವಳಿಕೆಯಿಂದ ನಿರ್ಧರಿಸಲು ಆನುವಂಶಿಕ ಸಲಹೆ, ಇವು ಸದ್ಯದ ದಾರಿಗಳು. ಅಧ್ಯಯನಗಳಿಗೆ ಮತ್ತೆ ಮತ್ತೆ ಮಾದರಿ ಕೊಟ್ಟ ಈ ಕುಟುಂಬಗಳಿಗೆ ಮನೆ ಬಾಗಿಲಲ್ಲೇ ಇವು ದೊರೆಯಬೇಕು.